ಕಾರಿನ ಸಬ್‌ವೂಫರ್‌ಗೆ ಮನೆಯಲ್ಲಿ ಯಾವ ಬಾಕ್ಸ್ ಕಟ್ಟಬೇಕು?

ಕಾರು ಮಾರುವಾಗ ಸಬ್‌ವೂಫರ್ (ಬಾಸ್, ಅಂದರೆ ತೀರಾ ಕೆಳಗಿನ ಸ್ವರಗಳನ್ನು ನುಡಿಸುವ ದೊಡ್ಡ ಸ್ಪೀಕರ್) ಮಾತ್ರ ಬಿಚ್ಚಿ ಇಟ್ಟುಕೊಳ್ಳುವವರು ಬಹಳ ಜನ. ಕೊಳ್ಳುವವರು ಅದಕ್ಕೆ ನಯಾಪೈಸೆ ಜಾಸ್ತಿ ಕೊಡುವುದಿಲ್ಲ, ಅಲ್ವಾ? ಇನ್ನು ಕೆಲವರಿಗೆ ಸಿಎನ್‌ಜಿ ಕಿಟ್ ಹಾಕಿಸಿದ ಮೇಲೆ ಡಿಕ್ಕಿಯಲ್ಲಿ ಜಾಗವೇ ಉಳಿಯುವುದಿಲ್ಲ. ಹೀಗೆ ಅಟ್ಟ ಸೇರಿದ 10 ಇಂಚಿನ, 12 ಇಂಚಿನ ಸಬ್‌ಗಳು ಎಷ್ಟೋ ಮನೆಗಳಲ್ಲಿವೆ. ಟಿವಿ ಪಕ್ಕ ಇಟ್ಟು ಸಿನಿಮಾ ನೋಡಬಹುದಲ್ಲ ಎಂಬ ಆಸೆ ಹುಟ್ಟುತ್ತದೆ. ಡಿಕ್ಕಿಯಲ್ಲಿದ್ದ ಬಾಕ್ಸನ್ನೇ ತಂದು ಹಾಲ್‌ನಲ್ಲಿ ಇಡುತ್ತಾರೆ. ಕಾರಿನಲ್ಲಿ ಎದೆ ನಡುಗಿಸುತ್ತಿದ್ದ ಸಬ್ ಇಲ್ಲಿ ಬರೀ ದಬ್ ದಬ್ ಎನ್ನುತ್ತದೆ. ಸಬ್ ಕೆಟ್ಟಿದೆ ಅಂದುಕೊಂಡು ಮತ್ತೆ ಅಟ್ಟಕ್ಕೆ ಹಾಕುತ್ತಾರೆ.

ಸಬ್ ಕೆಟ್ಟಿರುವುದಿಲ್ಲ. ಅದಕ್ಕೆ ಮನೆಗೆ ಒಗ್ಗುವ ಬಾಕ್ಸ್ ಬೇಕು. ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಏಳೆಂಟು ಜನರಿಗೆ 14ರಿಂದ 16 ಇಂಚಿನ, ಎಲ್ಲ ಕಡೆ ಮುಚ್ಚಿದ ಸೀಲ್ಡ್ ಬಾಕ್ಸ್ ಸರಿಹೋಗುತ್ತದೆ. ಪೈಪ್ ಇರುವ ಪೋರ್ಟೆಡ್ ಬಾಕ್ಸ್ ಕೆಲವು ಸಬ್‌ಗಳಲ್ಲಿ ಅದ್ಭುತ, ಕೆಲವುಗಳಲ್ಲಿ ದಂಡ. ನಿಮ್ಮದು ಯಾವುದು ಎಂದು ಕಂಡುಕೊಳ್ಳುವ ದಾರಿ ಕೆಳಗಿದೆ.

ಕಾರು ಮಾಡುವ ಉಪಕಾರ

ಕಾರಿನ ಒಳಗಿನ ಉದ್ದ ಹೆಚ್ಚೆಂದರೆ ಎರಡೂವರೆ ಮೀಟರ್. ಸುಮಾರು 70 ಹರ್ಟ್ಸ್‌ಗಿಂತ (ಸೆಕೆಂಡಿಗೆ 70 ಕಂಪನ) ಕೆಳಗಿನ ಸ್ವರದ ಅರ್ಧ ಅಲೆಯೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಆಗ ಶಬ್ದ ಅಲೆಯಾಗಿ ಓಡಾಡುವುದಿಲ್ಲ. ಸಬ್‌ನ ಕೋನ್, ಅಂದರೆ ಮುಂದೆ ಹಿಂದೆ ಅಲುಗುವ ಬಟ್ಟಲಿನಂಥ ಭಾಗ, ಮುಂದೆ ಬಂದಾಗ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿಕೊಳ್ಳುತ್ತದೆ, ಹಿಂದೆ ಹೋದಾಗ ಸಡಿಲವಾಗುತ್ತದೆ. ಇದರಿಂದ ಸ್ವರ ಕೆಳಗಿಳಿದಷ್ಟೂ ಬಾಸ್ ಏರುತ್ತದೆ. ಲೆಕ್ಕದ ಪ್ರಕಾರ ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧವಾದಾಗಲೆಲ್ಲ, 12 ಡೆಸಿಬಲ್. ಕಾರಿನಲ್ಲಿ ಸಂದುಗೊಂದು ಇರುವುದರಿಂದ ಅಷ್ಟು ಪೂರ್ತಿ ಸಿಗುವುದಿಲ್ಲ, ಆದರೂ ಒಳ್ಳೆಯ ಪಾಲು ಸಿಗುತ್ತದೆ.

ಸೀಲ್ಡ್ ಬಾಕ್ಸಿನಲ್ಲಿ ಸಬ್‌ನ ಶಬ್ದ ಕೆಳಗಿನ ಸ್ವರಗಳಲ್ಲಿ ಇಳಿಯುವುದೂ ಆಕ್ಟೇವ್‌ಗೆ 12 ಡೆಸಿಬಲ್‌ನಂತೆಯೇ. ಇದು ಇಳಿಯುತ್ತದೆ, ಅದು ಏರುತ್ತದೆ. ಹಾಗಾಗಿ ಕಾರಿನಲ್ಲಿ ಒಂದು ಘನ ಅಡಿಯ, ಅಂದರೆ 28 ಲೀಟರಿನ ಪುಟ್ಟ ಬಾಕ್ಸ್ ಕೂಡ ಆಳದವರೆಗೆ ನುಡಿಯುತ್ತದೆ. ಕಾರಿಗೆಂದೇ ಮಾಡಿದ ಬಾಕ್ಸುಗಳೆಲ್ಲ ಈ ಉಪಕಾರವನ್ನು ನಂಬಿಯೇ ಕೂತಿರುತ್ತವೆ.

ಮನೆಯಲ್ಲಿ ಆ ಉಪಕಾರ ಕಡಿಮೆ. 12 ಅಡಿ ಉದ್ದದ ಕೋಣೆಯಲ್ಲಿ ಏರಿಕೆ ಶುರುವಾಗುವುದೇ 47 ಹರ್ಟ್ಸ್ ಆಸುಪಾಸಿನಲ್ಲಿ. ಅದೂ ಬಾಗಿಲು, ಕಿಟಕಿ ಮುಚ್ಚಿದ್ದರೆ. ಆರ್‌ಸಿಸಿ ಮನೆಯ ಬೆಡ್‌ರೂಮ್‌ನಲ್ಲಿ ಸ್ವಲ್ಪ ಸಿಗುತ್ತದೆ. ಅಡುಗೆಮನೆ, ಊಟದ ಜಾಗ ಎಲ್ಲ ಒಂದೇ ಆಗಿರುವ ದೊಡ್ಡ ಹಾಲ್‌ನಲ್ಲಿ ತೀರಾ ಕಡಿಮೆ. ಮಲೆನಾಡು, ಕರಾವಳಿಯ ಹಂಚಿನ ಮನೆಯಲ್ಲಂತೂ ಬಾಸ್ ಮಾಡಿನ ಸಂದಿಯಿಂದ ತೋಟಕ್ಕೆ ಹೋಗುತ್ತದೆ. ಅಲ್ಲಿ ಇದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಮೊದಲು ಸಬ್ ಚೆನ್ನಾಗಿದೆಯಾ ನೋಡಿ

ಪ್ಲೈ ತರುವ ಮುಂಚೆ ಇಷ್ಟು ಮಾಡಿ. ಕೋನ್ ಸುತ್ತ ಇರುವ ಸರೌಂಡ್ ನೋಡಿ. ರಬ್ಬರ್ ಆದರೆ ಬಿರುಕು, ಫೋಮ್ ಆದರೆ ಪುಡಿಯಾಗಿರುವುದು. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಎದುರುಬದುರಾಗಿಟ್ಟು ಸಮನಾಗಿ ಒತ್ತಿ. ಕರಕರ ಎಂದು ಉಜ್ಜಿದರೆ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ ಎಂದರ್ಥ. ಅದಕ್ಕೆ ಬಾಕ್ಸ್ ಕಟ್ಟುವುದು ದಂಡ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಕಾಯಿಲ್ ಮೀಟರಿನಲ್ಲಿ 3.2ರಿಂದ 3.7ರವರೆಗೆ ತೋರಿಸುತ್ತದೆ, ಅದು ಸರಿ. 1 ಓಮ್‌ಗಿಂತ ಕೆಳಗೆ ಅಥವಾ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿರಬಹುದು.

ಟರ್ಮಿನಲ್ ಎಷ್ಟು ಜೊತೆ ಇದೆ ಎಂದೂ ಎಣಿಸಿ. ಎರಡು ಜೊತೆ ಇದ್ದರೆ ಅದು ಡ್ಯುಯಲ್ ಕಾಯಿಲ್. 4 ಓಮ್‌ನ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರದಲ್ಲಿ 2 ಓಮ್. 2 ಓಮ್‌ನ ಎರಡು ಕಾಯಿಲ್ ಆದರೆ 4 ಇಲ್ಲವೇ 1. ಕಾರಿನ ಆಂಪ್‌ಗಳಲ್ಲಿ (ಆಂಪ್ಲಿಫೈಯರ್) ಎಷ್ಟೋ 2 ಓಮ್ ತಡೆಯುತ್ತವೆ, ಕೆಲವು 1 ಓಮ್ ಕೂಡ. ಮನೆಯ ಆಂಪ್‌ಗಳಲ್ಲಿ ಬಹಳಷ್ಟು 4 ಓಮ್‌ಗಿಂತ ಕೆಳಗಿಳಿದರೆ ಬಿಸಿಯಾಗಿ ಆಫ್ ಆಗುತ್ತವೆ, ಇಲ್ಲವೇ ಸುಡುತ್ತವೆ. ಹಾಗಂತ ಒಂದೇ ಕಾಯಿಲ್‌ಗೆ ವೈರ್ ಕೊಟ್ಟು ಇನ್ನೊಂದನ್ನು ಸುಮ್ನೆ ಬಿಡಬೇಡಿ. ಸಬ್‌ನ ಸ್ವಭಾವವೇ ಬದಲಾಗುತ್ತದೆ, ತಡೆಯುವ ಪವರ್ ಕೂಡ ಅರ್ಧಕ್ಕೆ ಇಳಿಯುತ್ತದೆ.

ಸ್ಟಿಕ್ಕರ್ ಮೇಲಿನ 1000, 1400 ವ್ಯಾಟ್ ನೋಡಿ ಹಿಗ್ಗಬೇಡಿ, ಹೆದರಲೂಬೇಡಿ. ಅದು ಕ್ಷಣಮಾತ್ರದ ಪೀಕ್. ಆರ್‌ಎಂಎಸ್ (RMS) ಎಂದು ಬರೆದಿರುವುದಷ್ಟೇ, ಅಂದರೆ ಸತತವಾಗಿ ತಡೆಯುವ ಪವರ್ ಅಷ್ಟೇ ಲೆಕ್ಕ. ಅದು ಸಾಮಾನ್ಯವಾಗಿ ಪೀಕ್‌ನ ಕಾಲುಭಾಗದಿಂದ ಮೂರನೇ ಒಂದು ಭಾಗ ಇರುತ್ತದೆ.

ಮೂರು ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು

ಮ್ಯಾಗ್ನೆಟ್ ಮೇಲಿನ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಕಂಪನಿಯ ಮಾಹಿತಿ ಹಾಳೆ ಸಿಗುತ್ತದೆ. ಅದರಲ್ಲಿ ಥೀಲ್-ಸ್ಮಾಲ್ ಅಂಕಿಗಳು ಎಂಬ ಪಟ್ಟಿ ಇರುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಅದಕ್ಕೂ ಮುಂಚೆ ಬಾಕ್ಸ್ ಅಳತೆ ಹೆಚ್ಚುಕಮ್ಮಿ ಅಂದಾಜಿನ ಕೆಲಸವಾಗಿತ್ತು.

ನಮಗೆ ಬೇಕಾದ್ದು ಮೂರು. ಎಫ್‌ಎಸ್ (Fs) ಎಂದರೆ ಬಾಕ್ಸ್ ಇಲ್ಲದೆ ಕೋನ್ ತಾನಾಗಿ ತೂಗಾಡುವ ಸ್ವರ. ವಿಎಎಸ್ (Vas) ಎಂದರೆ ಕೋನ್ ಹಿಡಿದಿರುವ ಸಸ್ಪೆನ್ಷನ್ ಎಷ್ಟು ಮೃದು ಎಂಬುದನ್ನು ಲೀಟರ್ ಗಾಳಿಯ ಲೆಕ್ಕದಲ್ಲಿ ಹೇಳುವುದು. ಕ್ಯೂಟಿಎಸ್ (Qts) ಎಂದರೆ ತೂಗಾಟಕ್ಕೆ ಎಷ್ಟು ಬ್ರೇಕ್ ಬೀಳುತ್ತದೆ ಎಂಬುದು. ಮ್ಯಾಗ್ನೆಟ್ ಬಲವಾಗಿದ್ದರೆ ಬ್ರೇಕ್ ಜಾಸ್ತಿ, ಕ್ಯೂಟಿಎಸ್ ಕಡಿಮೆ.

ಇದರ ಜೊತೆ ಕ್ಯೂಇಎಸ್ (Qes) ಎಂಬ ಅಂಕಿಯೂ ಪಟ್ಟಿಯಲ್ಲಿರುತ್ತದೆ. ಎಫ್‌ಎಸ್ಸನ್ನು ಅದರಿಂದ ಭಾಗಿಸಿ. ಉತ್ತರ 50ರ ಆಸುಪಾಸು ಅಥವಾ ಕೆಳಗಿದ್ದರೆ ಸೀಲ್ಡ್. 90-100 ಇದ್ದರೆ ಪೋರ್ಟೆಡ್. ನಡುವೆ ಇದ್ದರೆ ಎರಡೂ ನಡೆಯುತ್ತದೆ. ಇದು ಸ್ಥೂಲ ಲೆಕ್ಕ ಅಷ್ಟೇ, ಆದರೆ ದಾರಿ ತಪ್ಪಿಸುವುದಿಲ್ಲ. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ಗೆ ಈ ಅಂಕಿಗಳನ್ನು ತುಂಬಿದರೆ ಗ್ರಾಫ್ ಸಮೇತ ತೋರಿಸುತ್ತದೆ.

ಅಂಕಿ ಎಲ್ಲೂ ಸಿಗದಿದ್ದರೆ? ಲೋಕಲ್ ಬ್ರ್ಯಾಂಡ್ ಸಬ್‌ಗಳಲ್ಲಿ ಇದು ಸಾಮಾನ್ಯ. ಆಗ ಯೋಚಿಸದೆ ಸೀಲ್ಡ್ ಕಟ್ಟಿ. ಸೀಲ್ಡ್ ಬಾಕ್ಸ್ ಅಳತೆಯ ತಪ್ಪನ್ನು ಕ್ಷಮಿಸುತ್ತದೆ, ಪೋರ್ಟೆಡ್ ಕ್ಷಮಿಸುವುದಿಲ್ಲ.

ಹಳೆ ಬಾಕ್ಸನ್ನೇ ಇಟ್ಟುಕೊಂಡರೆ

ಖರ್ಚಿಲ್ಲ, ಒಂದು ವಾರ ಕೇಳಿ ನೋಡಲು ಅಡ್ಡಿಯಿಲ್ಲ. ಸೀಲ್ಡ್ ಬಾಕ್ಸ್ ಆಗಿದ್ದರೆ ಅದರಲ್ಲೇ ಉಳಿದುಬಿಡಬಹುದು ಕೂಡ. ಕೆಳಗಿನ ಸ್ವರಗಳನ್ನು ಈಕ್ವಲೈಸರ್‌ನಲ್ಲಿ ಎತ್ತಿದರೆ ಸಾಕು. ಟರ್ಮಿನಲ್ ಕಪ್ ಸುತ್ತ ಗಾಳಿ ಸೋರುತ್ತದೆಯೇ ನೋಡಿ, ಅಲ್ಲಿ ಸಿಲಿಕಾನ್ ಬಳಿಯಿರಿ. ಮೇಲಿನ ಕಪ್ಪು ಕಾರ್ಪೆಟ್ ಬಟ್ಟೆ ಮನೆಯವರಿಗೆ ಇಷ್ಟವಾಗದೇ ಹೋಗಬಹುದು, ಅದು ನಿಮ್ಮ ಮನೆಯ ವಿಷಯ.

ಕಾರಿಗೆ ಮಾಡಿದ ಪೋರ್ಟೆಡ್ ಬಾಕ್ಸ್ ಮಾತ್ರ ಮನೆಗೆ ಸರಿಹೋಗುವುದು ಅಪರೂಪ. ಹಲವನ್ನು 40 ಹರ್ಟ್ಸ್ ಆಸುಪಾಸಿಗೆ, ಕೆಲವನ್ನು ಅದಕ್ಕಿಂತ ಮೇಲೆಯೇ ಟ್ಯೂನ್ ಮಾಡಿರುತ್ತಾರೆ, ಅಂದರೆ ಪೈಪ್ ಜೋರಾಗಿ ನುಡಿಯುವುದು ಆ ಸ್ವರದಲ್ಲಿ. ಅಲ್ಲಿ ಒಂದು ಉಬ್ಬು, ಕೆಳಗೆ ಪ್ರಪಾತ. ಆ ದಬ್ ದಬ್ ಬರುವುದು ಇದರಿಂದಲೇ. ನಿಮ್ಮ ಬಾಕ್ಸಿನ ಟ್ಯೂನಿಂಗ್ ತಿಳಿಯಲು ಫೋನ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಳ್ಳಿ. ಸಣ್ಣ ವಾಲ್ಯೂಮ್‌ನಲ್ಲಿ 60 ಹರ್ಟ್ಸ್‌ನಿಂದ ಕೆಳಗೆ ಬನ್ನಿ. ಯಾವ ಸ್ವರದಲ್ಲಿ ಕೋನ್ ಅಲುಗಾಟ ತೀರಾ ಕಡಿಮೆಯಾಗಿ ಪೈಪಿನಿಂದ ಗಾಳಿ ಜೋರಾಗಿ ಬರುತ್ತದೋ ಅದೇ ಟ್ಯೂನಿಂಗ್. ಅದು 40ಕ್ಕಿಂತ ಮೇಲಿದ್ದರೆ ಸಿನಿಮಾಕ್ಕೆ ಆ ಬಾಕ್ಸ್ ಬೇಡ. ದುಂಡನೆಯ ಬಾಸ್ ಟ್ಯೂಬ್‌ಗಳಿಗೂ ಇದೇ ಪರೀಕ್ಷೆ ಮಾಡಿ. ಸೀಟಿನ ಅಡಿಯ ತೆಳು ಸಬ್‌ಗಳನ್ನು ಬಿಚ್ಚಿ ಬೇರೆ ಬಾಕ್ಸಿಗೆ ಹಾಕುವ ಸಾಹಸ ಬೇಡ. ಕಂಪ್ಯೂಟರ್ ಮೇಜಿನ ಕೆಳಗೆ ಇದ್ದ ಹಾಗೇ ಇಟ್ಟರೆ ಚೆನ್ನಾಗಿಯೇ ಇರುತ್ತದೆ.

ಸೀಲ್ಡ್ ಮತ್ತು ಪೋರ್ಟೆಡ್: ಎರಡು ಸಬ್ ಇಟ್ಟುಕೊಂಡು ನೋಡೋಣ

ಎರಡು 12 ಇಂಚಿನ ಸಬ್ ಇವೆ ಎಂದುಕೊಳ್ಳಿ. ಎರಡಕ್ಕೂ ಎಫ್‌ಎಸ್ 30 ಹರ್ಟ್ಸ್, ವಿಎಎಸ್ 60 ಲೀಟರ್. ವ್ಯತ್ಯಾಸ ಕ್ಯೂಟಿಎಸ್‌ನಲ್ಲಿ ಮಾತ್ರ. ಮೊದಲನೆಯದಕ್ಕೆ 0.5, ಎರಡನೆಯದಕ್ಕೆ 0.38.

ಸೀಲ್ಡ್ ಬಾಕ್ಸಿನ ಲೆಕ್ಕ ಸುಲಭ. ವಿಎಎಸ್ಸನ್ನು ಬಾಕ್ಸಿನ ಲೀಟರ್‌ನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಆ ಸಂಖ್ಯೆಯಿಂದ ಕ್ಯೂಟಿಎಸ್ಸನ್ನು ಗುಣಿಸಿದರೆ ಬಾಕ್ಸಿನಲ್ಲಿ ಕೂತ ಮೇಲಿನ ಕ್ಯೂ ಸಿಗುತ್ತದೆ. ಎಫ್‌ಎಸ್ಸನ್ನು ಗುಣಿಸಿದರೆ ಬಾಕ್ಸಿನೊಳಗಿನ ಹೊಸ ಅನುರಣನ ಸ್ವರ. ಕ್ಯೂ 0.7 ಬಂದರೆ ಉಬ್ಬಿಲ್ಲದ ಸಮತಟ್ಟು. 1 ದಾಟಿದರೆ ಗುಂಯ್‌ಗುಡಲು ಶುರು.

ಮೊದಲ ಸಬ್‌ಗೆ 60 ಲೀಟರ್ ಕೊಟ್ಟರೆ ಕ್ಯೂ 0.7, ಶಬ್ದ 3 ಡೆಸಿಬಲ್ ಇಳಿಯುವ ಜಾಗ 42 ಹರ್ಟ್ಸ್. ನಾಲ್ಕು ತಂತಿಯ ಬಾಸ್ ಗಿಟಾರಿನ ಕೊನೆಯ ತಂತಿ 41 ಹರ್ಟ್ಸ್. ಅಂದರೆ ಹಾಡಿಗೆ ಇಷ್ಟು ಸಾಕು. ಈಗ ಬಾಕ್ಸನ್ನು ಅರ್ಧ ಮಾಡಿ, 30 ಲೀಟರ್ ಕೊಡಿ. ಕ್ಯೂ 0.87 ಆಗುತ್ತದೆ, ಉಬ್ಬು ಬರೀ ಅರ್ಧ ಡೆಸಿಬಲ್. 3 ಡೆಸಿಬಲ್ ಇಳಿಯುವ ಜಾಗ 44 ಹರ್ಟ್ಸ್. ಬಾಕ್ಸ್ ಅರ್ಧವಾದರೂ ಕಳೆದುಕೊಂಡದ್ದು 2 ಹರ್ಟ್ಸ್! ಇನ್ನೂ ಕೆಳಗೆ, 25 ಹರ್ಟ್ಸ್‌ನಲ್ಲಿ ಮಾತ್ರ ಎರಡೂವರೆ ಡೆಸಿಬಲ್‌ನಷ್ಟು ಹಿಂದೆ ಬೀಳುತ್ತದೆ. 60 ಲೀಟರ್ ಎಂದರೆ ಹೊರಗಿನಿಂದ 17 ಇಂಚಿನ ಚೌಕ, 30 ಲೀಟರ್ ಎಂದರೆ 14 ಇಂಚಿನ ಚೌಕ. ಸಣ್ಣ ಹಾಲ್‌ನಲ್ಲಿ ಆ ಮೂರು ಇಂಚಿನ ಬೆಲೆ ಜಾಸ್ತಿ. ನಾನಾದರೆ 14ನ್ನೇ ಕಟ್ಟುತ್ತೇನೆ. ಬಾಕ್ಸ್ ಚಿಕ್ಕದಾದರೆ ಒಳಗಿನ ಗಾಳಿ ಕೋನ್‌ನ ಹಿಡಿತ ಬಿಗಿ ಮಾಡುತ್ತದೆ, ಸಿನಿಮಾದ ಸ್ಫೋಟಕ್ಕೆ ಕೋನ್ ಹೊರಗೆ ಹಾರುವ ಭಯವೂ ಕಡಿಮೆ.

ಇದೇ ಸಬ್‌ಗೆ ಪೋರ್ಟೆಡ್ ಕಟ್ಟಿದರೆ? ಸಮತಟ್ಟಾಗಿ ನುಡಿಯಬೇಕಾದರೆ 120 ಲೀಟರ್ ಆಸುಪಾಸು ಬೇಕು. ಟ್ಯೂನಿಂಗ್ 23-24 ಹರ್ಟ್ಸ್. ಆಗ 20 ಹರ್ಟ್ಸ್‌ವರೆಗೂ ಇಳಿಯುತ್ತದೆ, ನಿಜ. ಆದರೆ ಅದು 21 ಇಂಚಿನ ಚೌಕ. ವಾಷಿಂಗ್ ಮೆಷಿನ್ ತಂದಿಟ್ಟ ಹಾಗೆ. ಅದನ್ನೇ 50 ಲೀಟರಿಗೆ ತುರುಕಿದರೆ ಉಬ್ಬು ಬಂದು ಮತ್ತೆ ಅದೇ ದಬ್ ದಬ್.

ಎರಡನೇ ಸಬ್‌ನಲ್ಲಿ ಕಥೆ ತಿರುಗುತ್ತದೆ. ಅದಕ್ಕೆ ಸೀಲ್ಡ್ ಬಾಕ್ಸ್ 24 ಲೀಟರ್ ಸಾಕು, ಆದರೆ ಶಬ್ದ 56 ಹರ್ಟ್ಸ್‌ನಲ್ಲೇ ಇಳಿಯತೊಡಗುತ್ತದೆ. ಕಾರಿನಲ್ಲಿ ಇದು ಚೆನ್ನಾಗಿರುತ್ತಿತ್ತು, ಮನೆಯಲ್ಲಿ ಸಪ್ಪೆ. ಅದೇ ಸಬ್ 50 ಲೀಟರಿನ ಪೋರ್ಟೆಡ್ ಬಾಕ್ಸಿನಲ್ಲಿ 30 ಹರ್ಟ್ಸ್‌ವರೆಗೆ ನುಡಿಯುತ್ತದೆ. 56 ಎಲ್ಲಿ, 30 ಎಲ್ಲಿ! ಇಂಥ ಸಬ್ ಕೈಯಲ್ಲಿದ್ದರೆ ಪೋರ್ಟೆಡ್ ಕಟ್ಟುವ ಶ್ರಮ ಪಡಿ.

ಶ್ರಮ ಎಂದದ್ದು ಸುಮ್ನೆ ಅಲ್ಲ. ಪೈಪಿನ ಉದ್ದ ಹೀಗೆ ಬರುತ್ತದೆ: ಪೈಪಿನ ಒಳವ್ಯಾಸವನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ 23,562ರಿಂದ ಗುಣಿಸಿ. ಟ್ಯೂನಿಂಗ್ ಸ್ವರದ ವರ್ಗ ಮತ್ತು ಬಾಕ್ಸಿನ ಲೀಟರ್, ಇವೆರಡರ ಗುಣಲಬ್ಧದಿಂದ ಭಾಗಿಸಿ. ಕೊನೆಗೆ ವ್ಯಾಸದ 0.73 ಪಾಲನ್ನು ಕಳೆಯಿರಿ. ಸುಮಾರು 10 ಸೆಂಟಿಮೀಟರ್ ಒಳವ್ಯಾಸದ ನಾಲ್ಕಿಂಚಿನ ಪಿವಿಸಿ ಪೈಪ್, 50 ಲೀಟರ್, 30 ಹರ್ಟ್ಸ್ ಹಾಕಿದರೆ 45 ಸೆಂಟಿಮೀಟರ್ ಬರುತ್ತದೆ. 16 ಇಂಚಿನ ಬಾಕ್ಸಿನ ಒಳಗೆ ಇರುವುದೇ 37 ಸೆಂಟಿಮೀಟರ್! ಎಲ್ಬೋ ಹಾಕಿ ಬಗ್ಗಿಸಬೇಕು, ಇಲ್ಲವೇ ಬಾಕ್ಸನ್ನು ಉದ್ದಕ್ಕೆ ಮಾಡಬೇಕು. ಪೈಪಿನ ಒಳತುದಿಗೂ ಎದುರಿನ ಹಲಗೆಗೂ ಕನಿಷ್ಠ ಪೈಪಿನ ವ್ಯಾಸದಷ್ಟು ಜಾಗ ಬಿಡಬೇಕು. ಪೈಪ್ ಮತ್ತು ಸಬ್ ಒಳಗೆ ತಿನ್ನುವ ಜಾಗವನ್ನು 50 ಲೀಟರಿಗೆ ಮೇಲೆ ಕೂಡಿಸಬೇಕು. ಕಷ್ಟ ಅಂತ ಮೂರಿಂಚಿನ ಪೈಪ್ ಹಾಕಿದರೆ ಉದ್ದ ಕಡಿಮೆಯಾಗುತ್ತದೆ, ಆದರೆ ಜೋರಾದಾಗ ಪೈಪಿನಿಂದ ಫುಸ್ ಫುಸ್ ಎಂದು ಗಾಳಿಯ ಸದ್ದು. 12 ಇಂಚಿನ ಸಬ್‌ಗೆ ನಾಲ್ಕಿಂಚಿಗಿಂತ ಸಣ್ಣ ಪೈಪ್ ಬೇಡವೇ ಬೇಡ. ಹೊರಬಾಯಿಗೆ ಒಂದು ಅಗಲ ಕಣ್ಣಿನ ಜಾಲರಿ ಹಾಕಿ. ಜಿರಲೆ, ಹಲ್ಲಿಗಳಿಗೆ ಆ ಬೆಚ್ಚಗಿನ ಕತ್ತಲು ಬಹಳ ಇಷ್ಟ.

ಇನ್ನೊಂದು ಅಪಾಯ ಇದೆ. ಟ್ಯೂನಿಂಗ್‌ಗಿಂತ ಕೆಳಗಿನ ಸ್ವರದಲ್ಲಿ ಪೋರ್ಟೆಡ್ ಬಾಕ್ಸ್ ಕೋನ್ ಮೇಲಿನ ಹಿಡಿತ ಬಿಟ್ಟುಬಿಡುತ್ತದೆ. ಸಿನಿಮಾದಲ್ಲಿ 20 ಹರ್ಟ್ಸ್ ಬಂದರೆ ಕೋನ್ ಹುಚ್ಚಾಗಿ ಅಲುಗಾಡುತ್ತದೆ, ಶಬ್ದ ಮಾತ್ರ ಬರುವುದಿಲ್ಲ. ಹಾಗಾಗಿ ಆಂಪ್‌ನಲ್ಲಿ ಇಂಥ ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇರಲೇಬೇಕು. ಅದಿಲ್ಲದ ಆಂಪ್ ನಿಮ್ಮದಾಗಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು, ಸೀಲ್ಡ್ ಕಟ್ಟಿ.

ಸೀಲ್ಡ್ ಬಾಕ್ಸಿಗೂ ಒಂದು ತೆರಿಗೆ ಇದೆ. ಮೊದಲ ಸಬ್ಬನ್ನು 42ರಿಂದ 21 ಹರ್ಟ್ಸ್‌ಗೆ ಈಕ್ವಲೈಸರ್‌ನಿಂದ ಎಳೆಯಲು 12 ಡೆಸಿಬಲ್ ಎತ್ತಬೇಕು. 12 ಡೆಸಿಬಲ್ ಎಂದರೆ 16 ಪಟ್ಟು ಪವರ್. 20 ವ್ಯಾಟ್ ಸಾಕಾಗುತ್ತಿದ್ದ ಕಡೆ 320 ವ್ಯಾಟ್. ಕಾರಿನ ಸಬ್‌ಗಳ ಕಾಯಿಲ್ ದಪ್ಪ, ಕೋನ್ ದೂರ ಚಲಿಸುತ್ತದೆ, ಹಾಗಾಗಿ ಮನೆಯ ಸಣ್ಣ ವೂಫರ್‌ಗಳಿಗಿಂತ ಇದನ್ನು ಚೆನ್ನಾಗಿ ತಾಳುತ್ತವೆ. ಆದರೂ 5-6 ಡೆಸಿಬಲ್‌ಗೆ ನಿಲ್ಲಿಸುವುದು ಜಾಣತನ.

ಬ್ಯಾಂಡ್‌ಪಾಸ್ ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಕ್ಸಿನೊಳಗೇ ಎರಡು ಖಾನೆ, ಎರಡು ಲೆಕ್ಕ, ತಪ್ಪಿದರೆ ಒಂದೇ ಸ್ವರದ ಬಾಸ್. ಬಾಕ್ಸೇ ಇಲ್ಲದೆ ಮನೆಯ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಕೊರೆದು ಸಬ್ ಕೂರಿಸುವ ಪದ್ಧತಿಯೂ ಇದೆ. ಕ್ಯೂಟಿಎಸ್ 0.6-0.8 ಇರುವ ಸಬ್‌ಗೆ ಅದು ಬಹಳ ಚೆನ್ನ. ಬಾಡಿಗೆ ಮನೆಯಲ್ಲಿರುವವರು ಈ ಸಾಲನ್ನು ಮರೆತುಬಿಡಿ.

ಎಂಡಿಎಫ್ ಅಥವಾ ಪ್ಲೈ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಡೆ 18 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ಕತ್ತರಿಸುವುದು ಸುಲಭ, ಅಂಚು ನುಣುಪು, ತೂಕ ಇದೆ. 8ಕ್ಕೆ 4 ಅಡಿಯ ಪೂರ್ತಿ ಹಲಗೆ 40 ಕೆಜಿ ಹತ್ತಿರ ತೂಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಎಂಡಿಎಫ್ ಬೇಡ. ಮಳೆಗಾಲದ ತೇವಕ್ಕೆ ಅಂಚು ಊದಿಕೊಳ್ಳುತ್ತದೆ, ಸ್ಕ್ರೂ ಹಿಡಿತ ಸಡಿಲವಾಗುತ್ತದೆ. ಅಲ್ಲಿ ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಾಳುವ) ದರ್ಜೆಯ ಪ್ಲೈ ತೆಗೆದುಕೊಳ್ಳಿ. ಐಎಸ್ 303 ಎಂಬ ಗುರುತು ಹಲಗೆ ಮೇಲೆ ಇರಬೇಕು. ಐಎಸ್ 710ರ ಮರೈನ್ ಪ್ಲೈ ಇನ್ನೂ ಗಟ್ಟಿ, ಬೆಲೆಯೂ ಹಾಗೇ. ಅಗ್ಗದ ಪ್ಲೈನಲ್ಲಿ ಒಳಪದರದ ಟೊಳ್ಳು ಬಾಸ್‌ಗೆ ಗರಗರ ಎನ್ನುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಟೊಳ್ಳು ಇರುವ ಕಡೆ ಸದ್ದು ಬೇರೆ ಬರುತ್ತದೆ. ಹಳೆ ವಾರ್ಡ್‌ರೋಬ್‌ನ ಪಾರ್ಟಿಕಲ್ ಬೋರ್ಡ್ ಸುಮ್ನೆ ಬಿದ್ದಿದೆ ಅಂತ ಬಳಸಬೇಡಿ, 12 ಇಂಚಿನ ಸಬ್‌ನ ಸ್ಕ್ರೂಗಳನ್ನು ಅದು ಹಿಡಿದಿಡುವುದಿಲ್ಲ.

14 ಇಂಚಿನ ಬಾಕ್ಸಿಗೆ ಬೇಕಾದ್ದು ಎಂಟೂಕಾಲು ಚದರ ಅಡಿ ಮಾತ್ರ. ಅದಕ್ಕಾಗಿ ಪೂರ್ತಿ ಹಲಗೆ ಕೊಳ್ಳುವ ಬದಲು ಮಾಡ್ಯುಲರ್ ಕಿಚನ್ ಮಾಡುವ ವರ್ಕ್‌ಶಾಪಿಗೆ ಹೋಗಿ. ಅವರ ಹತ್ತಿರ ಇಂಥ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಮೆಷಿನ್‌ನಲ್ಲಿ ನೇರವಾಗಿ ಕತ್ತರಿಸಿಯೂ ಕೊಡುತ್ತಾರೆ. ಕೈ ಗರಗಸದ ವಕ್ರ ಅಂಚಿನಿಂದಲೇ ಹೆಚ್ಚಿನ ಬಾಕ್ಸುಗಳು ಗಾಳಿ ಸೋರುವುದು. ಮರದ ಅಂಟು ಅಂಚಿನ ಉದ್ದಕ್ಕೂ ಬಿಡದೆ ಹಚ್ಚಿ, ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಿರಿ, ಒಳಮೂಲೆಗಳಿಗೆ ಸಿಲಿಕಾನ್ ಬಳಿಯಿರಿ. ಅದರ ಹುಳಿ ವಾಸನೆ ಹೋಗುವವರೆಗೆ, ಒಂದು ದಿನವಾದರೂ, ಸಬ್ ಕೂರಿಸಬೇಡಿ. ಆ ಆವಿ ಕೋನ್‌ನ ಅಂಟಿಗೆ ಒಳ್ಳೆಯದಲ್ಲ. ಒಳಗೆ ಎದುರುಬದುರು ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ನಡುಕ ಬಹಳ ಇಳಿಯುತ್ತದೆ.

ಸೀಲ್ಡ್ ಬಾಕ್ಸಿಗೆ ದಿಂಬಿನ ಫೈಬರ್ ಸಡಿಲವಾಗಿ ತುಂಬಿ. ಸಬ್‌ಗೆ ಬಾಕ್ಸ್ ಸ್ವಲ್ಪ ದೊಡ್ಡದಾದಂತೆ ಅನಿಸುತ್ತದೆ. ಪೋರ್ಟೆಡ್‌ಗೆ ತುಂಬಬೇಡಿ, ಗೋಡೆಗೆ ತೆಳುವಾಗಿ ಅಂಟಿಸಿದರೆ ಸಾಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸಬ್ಬನ್ನು ಕೆಳಮುಖವಾಗಿ ಕೂರಿಸಿ, ಮೂರು ಇಂಚಿನ ಕಾಲು ಕೊಡಿ. ಕೋನ್ ಜೋತುಬೀಳುತ್ತದೆ ಎಂದು ಹೆದರಿಸುವವರು ಇದ್ದಾರೆ. 30 ಹರ್ಟ್ಸ್‌ನ ಕೋನ್ ತನ್ನ ತೂಕಕ್ಕೆ ಇಳಿಯುವುದು ಸುಮಾರು 0.3 ಮಿಲಿಮೀಟರ್. ಅದರಿಂದ ಏನೂ ಆಗುವುದಿಲ್ಲ.

ಆಂಪ್‌ಗೆ ಯಾವ ದಾರಿ

ಕಾರಿನ ಆಂಪ್ ಕೂಡ ಮನೆಯಲ್ಲೇ ಬಿದ್ದಿದ್ದರೆ ಅದನ್ನೇ ಬಳಸಿ. ಬಾಸ್ ಮಾತ್ರ ಬಿಟ್ಟು ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಅದರಲ್ಲೇ ಇರುತ್ತದೆ, ಎಷ್ಟೋ ಆಂಪ್‌ಗಳಲ್ಲಿ ಸಬ್‌ಸಾನಿಕ್ ಕೂಡ. ಬೇಕಾಗುವುದು 12 ವೋಲ್ಟ್ ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟನ್ನು 12ಕ್ಕೆ ಇಳಿಸುವ ಪವರ್ ಸಪ್ಲೈ. ಎಲ್‌ಇಡಿ ಬೋರ್ಡುಗಳಿಗೆ ಹಾಕುವ 30 ಆಂಪಿಯರ್‌ನದು 360 ವ್ಯಾಟ್ ಕೊಡುತ್ತದೆ, ಮನೆಗೆ ಧಾರಾಳ. ಆಂಪನ್ನು ಆನ್ ಮಾಡುವ ರಿಮೋಟ್ ವೈರನ್ನು 12 ವೋಲ್ಟ್‌ಗೆ ಒಂದು ಸ್ವಿಚ್ ಮೂಲಕ ಕೊಡಿ. ಆದರೆ ಈ ಎಸ್‌ಎಂಪಿಎಸ್‌ಗಳ 230 ವೋಲ್ಟ್ ಟರ್ಮಿನಲ್ ಬರಿಗೈಗೆ ತಾಗುವಂತಿರುತ್ತದೆ. ಪೆಟ್ಟಿಗೆಯೊಳಗೆ ಇಟ್ಟು, ಮೂರು ಪಿನ್ ಪ್ಲಗ್‌ನಿಂದ ಅರ್ತಿಂಗ್ ಕೊಟ್ಟೇ ಬಳಸಿ. ಇದು ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಮನೆಯ ಯುಪಿಎಸ್ ಬ್ಯಾಟರಿ 12 ವೋಲ್ಟೇ ಅಲ್ವಾ, ಅದಕ್ಕೇ ಕೊಟ್ಟರಾಯಿತು ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ದೊಡ್ಡ ಬ್ಯಾಟರಿ ಶಾರ್ಟ್ ಆದರೆ ವೈರ್ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವಾಗಿನ ಗುಂಯ್ ಸದ್ದೂ ಸಬ್‌ನಲ್ಲಿ ಬರಬಹುದು. ಕಾರಿನ ಹಳೆ ಬ್ಯಾಟರಿ ಮತ್ತು ಚಾರ್ಜರ್ ಜೋಡಿಯೂ ಮನೆಯೊಳಗೆ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ಆಂಪ್ ಇಲ್ಲದವರಿಗೆ ಕ್ಲಾಸ್ ಡಿ ಎಂಬ ಬಗೆಯ ಆಂಪ್ ಬೋರ್ಡ್ ಅಗ್ಗದ ದಾರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಟಿಪಿಎ3116 ಚಿಪ್‌ನ ಮೋನೋ ಬೋರ್ಡ್ 24 ವೋಲ್ಟ್ ಸಪ್ಲೈನಲ್ಲಿ ನಡೆಯುತ್ತದೆ. ಅದರ 100 ವ್ಯಾಟ್ ಸಿಗುವುದು 2 ಓಮ್‌ಗೆ, 4 ಓಮ್ ಸಬ್‌ಗೆ ಅರ್ಧದಷ್ಟು ಎಂದುಕೊಳ್ಳಿ. ಬೆಡ್‌ರೂಮ್‌ಗೆ ಅಷ್ಟು ಸಾಕು. ಸಿನಿಮಾದ ಹುಚ್ಚು ಇರುವವರು ಟಿಪಿಎ3255 ನೋಡಿ, ಅದಕ್ಕೆ 48 ವೋಲ್ಟ್ ಸಪ್ಲೈ ಬೇಕು. ಬರೀ ಆಂಪ್ ಬೋರ್ಡ್ ಕೊಂಡರೆ ಲೋ ಪಾಸ್ ಫಿಲ್ಟರ್ ಬೋರ್ಡ್ ಪ್ರತ್ಯೇಕ ಬೇಕಾಗುತ್ತದೆ. ನಿಮ್ಮ ಎವಿ ರಿಸೀವರ್‌ನ (ಟಿವಿಯ ಶಬ್ದವನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಸಬ್ ಔಟ್‌ನಿಂದ ಸಿಗ್ನಲ್ ತೆಗೆದರೆ ಅದೂ ಬೇಡ. ನೆನಪಿಡಿ, ಆ ಸಬ್ ಔಟ್‌ನಲ್ಲಿ ಸಿಗ್ನಲ್ ಮಾತ್ರ ಇರುತ್ತದೆ, ಪವರ್ ಇಲ್ಲ. ಸಬ್ಬನ್ನು ನೇರವಾಗಿ ಅಲ್ಲಿಗೆ ಜೋಡಿಸಿದರೆ ಏನೂ ಕೇಳಿಸುವುದಿಲ್ಲ.

ಬಾಕ್ಸಿನ ಹಿಂದೆ ಕೂರುವ ಪ್ಲೇಟ್ ಆಂಪ್ ಎಲ್ಲಕ್ಕಿಂತ ಅಚ್ಚುಕಟ್ಟು. ಫಿಲ್ಟರ್, ಫೇಸ್, ವಾಲ್ಯೂಮ್ ಎಲ್ಲ ಒಂದೇ ತಗಡಿನಲ್ಲಿ. ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೆ ದುಬಾರಿ. ಪ್ಲೇಟ್ ಆಂಪ್, ಹೊಸ ಪ್ಲೈ, ಬಡಗಿಯ ಕೂಲಿ, ಪಾಲಿಶ್ ಎಲ್ಲ ಸೇರಿಸಿ ಕಾಗದದ ಮೇಲೆ ಕೂಡಿ ನೋಡಿ. ಮೊತ್ತ ರೆಡಿಮೇಡ್ 10 ಇಂಚಿನ ಹೋಮ್ ಸಬ್‌ನ ಬೆಲೆಗೆ ಹತ್ತಿರ ಬಂದರೆ ಅದನ್ನೇ ಕೊಳ್ಳಿ. ಸಬ್ ಬಿಟ್ಟಿ ಸಿಕ್ಕಿದೆ ಎಂಬ ಒಂದೇ ಕಾರಣಕ್ಕೆ ಮಿಕ್ಕದ್ದಕ್ಕೆಲ್ಲ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಕೂರಿಸಿದ ಮೇಲೆ

ಕೋನ್ ಮೆಲ್ಲಗೆ ಒತ್ತಿ ಬಿಡಿ. ಸೀಲ್ಡ್ ಬಾಕ್ಸಿನಲ್ಲಿ ಅದು ನಿಧಾನವಾಗಿ ಮೇಲೆ ಬರಬೇಕು. ತಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ. ಲೋ ಪಾಸ್ 80 ಹರ್ಟ್ಸ್‌ನಲ್ಲಿಟ್ಟು ಶುರು ಮಾಡಿ. ಮೂಲೆಯಲ್ಲಿಟ್ಟರೆ ಬಾಸ್ ಜಾಸ್ತಿ, ಆದರೆ ಕೋಣೆಯ ಅನುರಣನವೂ ಜಾಸ್ತಿ. 12 ಅಡಿ ಉದ್ದದ ಕೋಣೆಗೆ 47 ಹರ್ಟ್ಸ್, 10 ಅಡಿಗೆ 56 ಹರ್ಟ್ಸ್. ಹಾಡಿನಲ್ಲಿ ಒಂದೊಂದು ಸ್ವರ ಮಾತ್ರ ಎದ್ದು ಬಂದರೆ ಸಬ್ಬನ್ನು ಬೈಯಬೇಡಿ, ಗೋಡೆಯ ಉದ್ದಕ್ಕೆ ಒಂದೆರಡು ಅಡಿ ಸರಿಸಿ ನೋಡಿ. ಆಮೇಲೆ 20ರಿಂದ 100 ಹರ್ಟ್ಸ್ ಟೋನ್ ಹಾಕಿ ಮನೆ ಸುತ್ತಿ ಬನ್ನಿ. ಬೀರುವಿನ ಬಾಗಿಲು, ಶೋಕೇಸಿನ ಗಾಜು, ಟ್ಯೂಬ್‌ಲೈಟಿನ ಪಟ್ಟಿ, ಯಾವುದು ಯಾವ ಸ್ವರಕ್ಕೆ ಗಲಗಲ ಎನ್ನುತ್ತದೆ ಎಂದು ತಿಳಿಯುತ್ತದೆ. ಬಾಕ್ಸ್ ಕೆಟ್ಟದಾಗಿ ಕಟ್ಟಿದೆ ಎಂದು ಬೇಸರ ಪಡುವವರಿಗೆ ಎಷ್ಟೋ ಸಲ ಕೇಳಿಸುತ್ತಿರುವುದು ಈ ಬೀರುವೇ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಒಂದು ಮಾತು. ರಬ್ಬರ್ ಕಾಲು ಹಾಕಿದರೆ ನೆಲದ ನಡುಕ ಸ್ವಲ್ಪ ತಗ್ಗುತ್ತದೆ, ಗಾಳಿಯಲ್ಲಿ ಹೋಗುವ ಬಾಸ್ ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಸೀಲ್ಡ್ ಬಾಕ್ಸ್ ಆದರೆ ಈಕ್ವಲೈಸರ್‌ನಲ್ಲಿ ಎತ್ತಿದ್ದನ್ನು ರಾತ್ರಿ ಇಳಿಸಿ. ಪೋರ್ಟೆಡ್ ಆದರೆ ಹಳೆ ಕಾಲುಚೀಲ ಎರಡನ್ನು ಸುತ್ತಿ ಪೈಪಿನ ಬಾಯಿಗೆ ಬಿಗಿಯಾಗಿ ತುರುಕಿ, ಸಣ್ಣ ವಾಲ್ಯೂಮ್‌ನಲ್ಲಿ ಕೇಳಿ. ಪೈಪ್ ಸುಮ್ಮನಾಗುತ್ತದೆ, ಆಳದ ಬಾಸ್ ಇಳಿಯುತ್ತದೆ. ಬೆಳಗ್ಗೆ ತೆಗೆಯುವುದನ್ನು ಮರೆಯಬೇಡಿ.